ಅಂತರ್ಜಾಲದ ಅಂಗಡಿಗೂ ಬಾಡಿಗೆ ಇದೆ

ಸಣ್ಣ ವ್ಯಾಪಾರಕ್ಕೆ ಜಾಲತಾಣ ಬೇಕೆ? ಬೇಕೆಂದರೆ ಐದು ವರ್ಷಕ್ಕೆ ತಗಲುವ ವೆಚ್ಚವೆಷ್ಟು? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯ ಕುಟುಂಬಗಳು ಕಾಗದ, ಪೆನ್ಸಿಲ್ ಹಿಡಿದು ಮಾಡಬೇಕಾದ ಲೆಕ್ಕ ಇಲ್ಲಿದೆ.

ಹಂಪಿಯಲ್ಲಿ ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ - ಈ ನಾಲ್ಕು ದೇವಾಲಯಗಳ ಮುಂದೆಯೂ ಒಂದೊಂದು ಬಜಾರು ಇದೆ. ತೇರು ಸಾಗುವ ಅಗಲವಾದ ಬೀದಿ, ಅದರ ಇಕ್ಕೆಲಗಳಲ್ಲಿ ಕಲ್ಲಿನ ಮಂಟಪಗಳ ಸಾಲು. ಜನ ಎಲ್ಲಿಗೆ ಬರುತ್ತಾರೋ ಅಲ್ಲಿ ಅಂಗಡಿ ಹೂಡಬೇಕು ಎಂಬ ವ್ಯಾಪಾರದ ಮೊದಲ ಪಾಠ ವಿಜಯನಗರದ ವರ್ತಕರಿಗೆ ಚೆನ್ನಾಗಿ ತಿಳಿದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಹಂಪಿಗೆ ಬರುವ ಪ್ರವಾಸಿ ತೇರುಬೀದಿ ತಲುಪುವ ಮೊದಲೇ ತನ್ನ ಮೊಬೈಲಿನಲ್ಲಿ ಕೋಣೆ ಹುಡುಕಿರುತ್ತಾನೆ. ದೂರದ ಊರಿನಲ್ಲಿ ಕುಳಿತು ಸಂಡೂರಿನ ಲಂಬಾಣಿ ಕಸೂತಿಯ ಚೀಲ ಎಲ್ಲಿ ಸಿಗುತ್ತದೆಂದು ನೋಡುವವರೂ ಇದ್ದಾರೆ. ಹೀಗಾಗಿ ನಾಲ್ಕು ಕೋಣೆಯ ಹೋಂಸ್ಟೇ ನಡೆಸುವವರು, ಕರಕುಶಲ ವಸ್ತು ಮಾರುವವರು, ಪೇಟೆಯ ಸಣ್ಣ ಅಂಗಡಿಯವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನಮಗೂ ಒಂದು ವೆಬ್‌ಸೈಟ್ ಬೇಕಲ್ಲವೆ?"

ಇದರ ಜೊತೆ ಇನ್ನೊಂದು ಮಾತನ್ನೂ ನೆನಪಿಡಬೇಕು. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ವಾಸ, ವ್ಯಾಪಾರ ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ನದಿಯ ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು, ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ, 2020ರ ಮಾರ್ಚ್‌ನಲ್ಲಿ ಕೆಡವಲಾಯಿತು. ಸ್ಮಾರಕಗಳ ರಕ್ಷಣೆ ಅಗತ್ಯವೇ ಸರಿ. ಆದರೆ ಜಾಗ ಹೋದ ದಿನ ವ್ಯಾಪಾರಿಯ ವಿಳಾಸವೂ ಹೋಯಿತು. ಹಳೆಯ ಗಿರಾಕಿ ಹುಡುಕಿಕೊಂಡು ಬಂದರೆ ಹೇಳುವವರು ಯಾರು? ಅಂತರ್ಜಾಲದ ವಿಳಾಸಕ್ಕೆ ಈ ತೊಂದರೆಯಿಲ್ಲ. ಅಂಗಡಿ ಎಲ್ಲಿಗೆ ಹೋದರೂ ಅದು ಜೊತೆಗೇ ಬರುತ್ತದೆ. ಆದರೆ ಅದಕ್ಕೂ ಬಾಡಿಗೆ ಕಟ್ಟಬೇಕು, ಮತ್ತು ಆ ವಿಳಾಸ ವ್ಯಾಪಾರಿಯ ಹೆಸರಿನಲ್ಲೇ ಇರಬೇಕು. ಈ ಎರಡು ವಿಷಯ ಮರೆತವರೇ ಮುಂದೆ ಪಶ್ಚಾತ್ತಾಪ ಪಡುತ್ತಾರೆ.

ಉಚಿತ ಯಾವುದು, ಹಣ ಯಾವುದಕ್ಕೆ?

ಬ್ರಿಟಿಷ್ ವಿಜ್ಞಾನಿ ಟಿಮ್ ಬರ್ನರ್ಸ್ ಲೀ ಅವರು ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ರೂಪಿಸಿದ 'ವರ್ಲ್ಡ್ ವೈಡ್ ವೆಬ್' 1991ರಲ್ಲಿ ಹೊರಜಗತ್ತಿಗೆ ಪರಿಚಯವಾಯಿತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಘೋಷಿಸಿತು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ಸೇವೆಯನ್ನು ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಆರಂಭಿಸಿತು. ಜಾಲತಾಣ ಕಟ್ಟಲು ಬಳಸುವ 'ವರ್ಡ್‌ಪ್ರೆಸ್' ತಂತ್ರಾಂಶ 2003ರಿಂದ ಉಚಿತವಾಗಿ ದೊರೆಯುತ್ತಿದೆ. ವಿಳಾಸದ ಪಕ್ಕ ಬೀಗದ ಗುರುತು ಬರಿಸುವ, ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವ ಭದ್ರತಾ ಪ್ರಮಾಣಪತ್ರವನ್ನು 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭರಹಿತ ವ್ಯವಸ್ಥೆ ಪುಕ್ಕಟೆಯಾಗಿ ಕೊಡುತ್ತದೆ.

ಹಾಗಾದರೆ ಹಣ ಹೋಗುವುದು ಎಲ್ಲಿಗೆ? ಮುಖ್ಯವಾಗಿ ಮೂರು ಕಡೆಗೆ: ಹೆಸರು, ಜಾಗ, ಕೆಲಸ.

ಕಂಪ್ಯೂಟರುಗಳು ಪರಸ್ಪರ ಗುರುತಿಸುವುದು ಸಂಖ್ಯೆಗಳಿಂದ. ಮನುಷ್ಯರಿಗೆ ಅಷ್ಟುದ್ದದ ಸಂಖ್ಯೆ ನೆನಪಿರುವುದಿಲ್ಲ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ನೋಡಿ ನಂಬರು ತಿಳಿಯುವಂತೆ, ಜಾಲತಾಣದ ಹೆಸರನ್ನು ಸಂಖ್ಯೆಗೆ ಪರಿವರ್ತಿಸುವ ವ್ಯವಸ್ಥೆಯೊಂದಿದೆ. ಅದರಲ್ಲಿ ನೋಂದಾಯಿಸಿದ ಹೆಸರೇ 'ಡೊಮೇನ್'. 'ಡಾಟ್ ಇನ್' ಹೆಸರುಗಳ ಮೇಲ್ವಿಚಾರಣೆ 'ನಿಕ್ಸಿ' ಎಂಬ ಭಾರತೀಯ ಸಂಸ್ಥೆಯದು. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂಬ ಹೆಸರು ಪಡೆಯಲೂ ಅವಕಾಶವಿದೆ. ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗದು ಎಂಬುದು ಗಮನಾರ್ಹ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಮಾತ್ರ ನೋಂದಣಿ, ಆಮೇಲೆ ನವೀಕರಣ.

ಜಾಲತಾಣದ ಪುಟ, ಚಿತ್ರಗಳೆಲ್ಲ ಹಗಲೂ ರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಅದೇ 'ಸರ್ವರ್'. ಅದರಲ್ಲಿ ಜಾಗ ಬಾಡಿಗೆಗೆ ಪಡೆಯುವುದೇ 'ಹೋಸ್ಟಿಂಗ್'. ಇನ್ನು ಕೆಲಸವೆಂದರೆ ಪುಟಗಳ ವಿನ್ಯಾಸ, ಬರಹ, ಚಿತ್ರ; ಮತ್ತು ಬಹುಪಾಲು ಜನ ಮರೆಯುವ ನಿರ್ವಹಣೆ.

ಇಪ್ಪತ್ತೈದು ಸಾವಿರ ಒಂದು ಲಕ್ಷವಾಗುವ ಬಗೆ

"ಅಪ್ಪಾ, ಬರೀ ಇಪ್ಪತ್ತೈದು ಸಾವಿರಕ್ಕ ವೆಬ್‌ಸೈಟ್ ಮಾಡಿಕೊಡ್ತಾರಂತ" ಎಂದು ಕಾಲೇಜಿಗೆ ಹೋಗುವ ಮಗ ಹೇಳುತ್ತಾನೆ. ಅನುಭವಸ್ಥ ತಂದೆ ಕೇಳುವ ಪ್ರಶ್ನೆ ಬೇರೆ: "ಆಮ್ಯಾಲ ವರ್ಷಾ ವರ್ಷಾ ಏನೇನು ಖರ್ಚೈತಿ, ಕೇಳಿದೀಯೇನು?"

ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು, ಕಮಲಾಪುರದ ಬಳಿ ನಾಲ್ಕು ಕೋಣೆಗಳ ಒಂದು ಹೋಂಸ್ಟೇ ಇದೆಯೆಂದು ಭಾವಿಸೋಣ. ಕೆಳಗಿನ ಮೊತ್ತಗಳು ಲೆಕ್ಕಕ್ಕಾಗಿ ಹಿಡಿದವು. ದರ ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಒಮ್ಮೆ ಮಾತ್ರ ಬರುವ ಖರ್ಚು:
ಐದಾರು ಪುಟಗಳ ಜಾಲತಾಣ ತಯಾರಿಕೆ - 25,000 ರೂ.
ಅದರ ಮೇಲೆ ಶೇ. 18ರಷ್ಟು ಜಿಎಸ್‌ಟಿ - 4,500 ರೂ.
ಛಾಯಾಗ್ರಾಹಕರ ಒಂದು ದಿನದ ಕೆಲಸ - 6,000 ರೂ.
ಕನ್ನಡ, ಇಂಗ್ಲಿಷ್ ಬರಹ - 4,000 ರೂ.
ಒಟ್ಟು - 39,500 ರೂ.

ಪ್ರತಿ ವರ್ಷ ಬರುವ ಖರ್ಚು:
ಡೊಮೇನ್ ನವೀಕರಣ - 1,000 ರೂ.
ಹೋಸ್ಟಿಂಗ್ - 4,000 ರೂ.
ನಿರ್ವಹಣೆ, ನಕಲು ಪ್ರತಿ ತೆಗೆದಿಡುವುದು - 6,000 ರೂ.
ಹೊಸ ಚಿತ್ರ, ದರಪಟ್ಟಿ ಬದಲಾವಣೆ - 1,000 ರೂ.
ಒಟ್ಟು - 12,000 ರೂ.

ಐದು ವರ್ಷಕ್ಕೆ ಎರಡನೆಯದು 60,000 ರೂಪಾಯಿ ಆಯಿತು. ಮೊದಲಿನ 39,500 ಸೇರಿದರೆ 99,500 ರೂಪಾಯಿ! 25,000 ಎಂದು ಕಿವಿಗೆ ಬಿದ್ದದ್ದು ಸರಿಸುಮಾರು ನಾಲ್ಕು ಪಟ್ಟಾಯಿತು. ಇದರಲ್ಲಿ ಮೋಸವೇನೂ ಇಲ್ಲ. ಬೈಕಿನ ಬೆಲೆಯ ಜೊತೆ ಪೆಟ್ರೋಲು, ವಿಮೆ, ಸರ್ವಿಸಿನ ಹಣ ಸೇರಿಸಿದಂತೆಯೇ ಇದು. ಬೈಕಿನ ವಿಷಯದಲ್ಲಿ ಎಲ್ಲರಿಗೂ ತಿಳಿದಿರುವ ಸಂಗತಿ ಜಾಲತಾಣದ ವಿಷಯದಲ್ಲಿ ಮರೆತುಹೋಗುತ್ತದೆ, ಅಷ್ಟೆ.

ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 19,900 ರೂಪಾಯಿ, ದಿನಕ್ಕೆ ಸುಮಾರು 55 ರೂಪಾಯಿ. ಈಗ ಇದು ಹೆಚ್ಚೋ ಕಡಿಮೆಯೋ? ರೂಪಾಯಿಯಲ್ಲಿ ನೋಡಿದರೆ ತಿಳಿಯದು. ವ್ಯಾಪಾರದ ಅಳತೆಯಲ್ಲೇ ಅಳೆಯಬೇಕು.

ಖರ್ಚನ್ನು ಕೋಣೆಗಳಲ್ಲಿ ಎಣಿಸಿ

ಪ್ರವಾಸಿಗಳಿಗೆ ಕೋಣೆ ಕಾದಿರಿಸಿಕೊಡುವ ದೊಡ್ಡ ಕಂಪನಿಗಳು ಬಾಡಿಗೆಯಲ್ಲಿ ಒಂದು ಪಾಲನ್ನು ಕಮಿಷನ್ ಆಗಿ ಹಿಡಿಯುತ್ತವೆ. ಅದು ಶೇ. 15 ಎಂದುಕೊಳ್ಳೋಣ. 2,000 ರೂಪಾಯಿ ಬಾಡಿಗೆಗೆ ಕಮಿಷನ್ 300 ರೂಪಾಯಿ. ಆ ಕಮಿಷನ್ ಮೇಲೆ ಜಿಎಸ್‌ಟಿ 54 ರೂಪಾಯಿ. ಒಟ್ಟು 354 ರೂಪಾಯಿ. ಅದೇ ಅತಿಥಿ ಹೋಂಸ್ಟೇಯ ಸ್ವಂತ ಜಾಲತಾಣ ನೋಡಿ ನೇರವಾಗಿ ಫೋನ್ ಮಾಡಿ ಬಂದರೆ ಈ 354 ರೂಪಾಯಿ ಮನೆಯಲ್ಲೇ ಉಳಿಯುತ್ತದೆ.

19,900ನ್ನು 354ರಿಂದ ಭಾಗಿಸಿದರೆ 56ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ಅಂದರೆ ವರ್ಷಕ್ಕೆ 57 ರಾತ್ರಿಗಳಷ್ಟು ಕೋಣೆ ನೇರವಾಗಿ ಹೋದರೆ ಜಾಲತಾಣದ ಖರ್ಚು ತೀರಿತು. ನಾಲ್ಕು ಕೋಣೆಗೆ ವರ್ಷದಲ್ಲಿ ಒಟ್ಟು 1,460 ರಾತ್ರಿಗಳು. ಅದರಲ್ಲಿ 57 ಎಂದರೆ ಶೇ. 4ರಷ್ಟು. ಅಕ್ಟೋಬರಿನಿಂದ ಫೆಬ್ರುವರಿವರೆಗೆ ಜನಜಂಗುಳಿ ಇರುವ ಹಂಪಿಯಲ್ಲಿ ಇದು ಅಸಾಧ್ಯದ ಮಾತಲ್ಲ. ಬೇಸಿಗೆಯಲ್ಲಿ ಖಾಲಿ ಬೀಳುವ ಕೋಣೆಯೊಂದು ಜಾಲತಾಣದಿಂದ ತುಂಬಿದರಂತೂ ಲಾಭ 354 ರೂಪಾಯಿಗಿಂತ ಎಷ್ಟೋ ಹೆಚ್ಚು.

ಆದರೆ ಒಂದು ಎಚ್ಚರಿಕೆ. ತೇರುಬೀದಿಯಲ್ಲಿ ಅಂಗಡಿ ತೆರೆದರೆ ದಾರಿಹೋಕರು ತಾವಾಗಿಯೇ ಕಾಣುತ್ತಾರೆ. ಜಾಲತಾಣದ ಮುಂದೆ ದಾರಿಹೋಕರಿಲ್ಲ. ಅಲ್ಲಿಗೆ ಜನರನ್ನು ಕರೆತರಬೇಕು. ಬಂದ ಅತಿಥಿಯ ಕೈಗೆ ವಿಳಾಸದ ಕಾರ್ಡು ಕೊಡುವುದು, ಗೂಗಲ್ ನಕಾಶೆಯಲ್ಲಿ ಉಚಿತವಾಗಿ ಹೆಸರು ಸೇರಿಸಿ ಅದಕ್ಕೆ ಜಾಲತಾಣದ ಕೊಂಡಿ ಹಾಕುವುದು - ಇವು ಖರ್ಚಿಲ್ಲದ ದಾರಿಗಳು. ಊರಿನ ಹೆಸರನ್ನೂ ಯೋಚಿಸಿ ಬರೆಯಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ 'ಹೊಸಪೇಟೆ' ಎಂದೇ ಅಧಿಕೃತ ಹೆಸರಾದರೂ, ಹಳೆಯ 'ಹಾಸ್ಪೆಟ್' ಎಂಬ ಕಾಗುಣಿತದಲ್ಲಿ ಹುಡುಕುವವರು ಇದ್ದೇ ಇದ್ದಾರೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಆದರೂ ಹಂಪಿಯನ್ನು ಬಳ್ಳಾರಿ ಜಿಲ್ಲೆಯಲ್ಲೇ ಹುಡುಕುವವರುಂಟು. ಎರಡೂ ಹೆಸರು ಪುಟದಲ್ಲಿ ಒಂದೆಡೆ ಇದ್ದರೆ ಇಬ್ಬರಿಗೂ ದಾರಿ ಸಿಗುತ್ತದೆ.

ಜಾಲತಾಣ ಇದ್ದ ಮಾತ್ರಕ್ಕೆ ಪರವಾನಗಿ ಬಂದಂತಾಗಲಿಲ್ಲ ಎಂಬುದನ್ನೂ ಹೇಳಬೇಕು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ಕಟ್ಟಡ, ವಸತಿಗೆ ಅನುಮತಿ ಮೊದಲು, ಜಾಹೀರಾತು ಆಮೇಲೆ.

ಸಂಡೂರಿನ ಸೂಜಿ, ಕಂಪ್ಲಿಯ ಅಕ್ಕಿ

ಇದೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ ಕೈಯಲ್ಲಿ ಅರಳಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಂಥ ಸುದ್ದಿ ಓದಿದವರು ಕಸೂತಿ ಹುಡುಕುವುದು ಸಹಜ.

ಈಗ ತಾಂಡಾದ ಐದು ಮಹಿಳೆಯರ ಒಂದು ಗುಂಪು ಸ್ವಂತ ಜಾಲತಾಣ ಮಾಡಿಕೊಳ್ಳಲು ಹೊರಟಿದೆ ಎಂದುಕೊಳ್ಳಿ. ಮಧ್ಯವರ್ತಿ ಇಲ್ಲದೆ ಮಾರಿದರೆ ಒಂದು ಚೀಲಕ್ಕೆ 200 ರೂಪಾಯಿ ಹೆಚ್ಚು ಉಳಿಯುತ್ತದೆ ಎಂದು ಹಿಡಿಯೋಣ. ವರ್ಷದ 19,900 ರೂಪಾಯಿ ತೀರಿಸಲು 100 ಚೀಲ ಮಾರಬೇಕು. ಕೈಕಸೂತಿಗೆ ಅವಸರ ಕೂಡದು. ಗುಂಪು ತಿಂಗಳಿಗೆ ಎಂಟು ಚೀಲ ಮಾತ್ರ ಮಾಡಬಲ್ಲದಾದರೆ ವರ್ಷಕ್ಕೆ 96. ಅಂದರೆ ಮಾಡಿದ ಚೀಲವೆಲ್ಲ ಮಾರಾಟವಾದರೂ ಜಾಲತಾಣದ ಖರ್ಚು ಹುಟ್ಟುವುದಿಲ್ಲ! ಇಲ್ಲಿ ಕೊರತೆ ಗಿರಾಕಿಯದಲ್ಲ, ಕೈಗಳದು. ಅಂಥ ಐದಾರು ಗುಂಪುಗಳು ಕೂಡಿ ಒಂದೇ ಜಾಲತಾಣ ಮಾಡಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಒಂದು ಎತ್ತಿನ ಕೈಲಾಗದ ಗಾಡಿಯನ್ನು ಜೋಡೆತ್ತು ಎಳೆಯುವ ಹಾಗೆ.

ತುಂಗಭದ್ರೆಯ ದಡದ ಕಂಪ್ಲಿಯದು ಮತ್ತೊಂದು ಕಥೆ. ಅದು ಭತ್ತದ ಸೀಮೆ. ಇಪ್ಪತ್ತು ಮೂವತ್ತು ಮಂದಿ ಖಾಯಂ ವರ್ತಕರಿಗೆ ಮಾತ್ರ ಅಕ್ಕಿ ಕಳಿಸುವ ಗಿರಣಿಯವರಿಗೆ ಜಾಲತಾಣ ಎಷ್ಟು ಹೊಸ ವ್ಯವಹಾರ ತಂದೀತು? ಅವರ ಗಿರಾಕಿಗಳ ಫೋನ್ ನಂಬರು ಅವರ ಬಳಿಯೇ ಇದೆ. ನಕಾಶೆಯಲ್ಲಿ ಉಚಿತ ವಿಳಾಸ, ವ್ಯಾಪಾರಿಗಳಿಗಾಗಿಯೇ ಇರುವ ಉಚಿತ ವಾಟ್ಸ್‌ಆ್ಯಪ್ ಸೌಲಭ್ಯದಲ್ಲಿ ದಿನದ ದರ - ಇಷ್ಟೇ ಸಾಕು. ಅದೇ ಗಿರಣಿಯವರು ಐದು ಕಿಲೋ ಚೀಲದಲ್ಲಿ ತಮ್ಮದೇ ಹೆಸರಿನ ಅಕ್ಕಿಯನ್ನು ನೇರವಾಗಿ ಮನೆಗಳಿಗೆ ಮಾರಲು ಹೊರಟರೆ ಆಗ ಹೊಸದಾಗಿ ಲೆಕ್ಕ ಹಾಕಬೇಕು. "ಬೇಡ" ಎಂಬುದೂ ಲೆಕ್ಕದಿಂದ ಬರುವ ಒಂದು ಸರಿಯಾದ ಉತ್ತರವೇ.

ಚಿತ್ರದ ಭಾರ, ಕನ್ನಡದ ಅಕ್ಷರ

ಬಜೆಟ್ಟಿನಲ್ಲಿ ಚಿತ್ರ ಮತ್ತು ಬರಹಕ್ಕೆ ಹಣ ಇಡದವರೇ ಹೆಚ್ಚು. ಕಸೂತಿಯ ಕೆಂಪು ಚಿತ್ರದಲ್ಲಿ ಕಿತ್ತಳೆಯಾಗಿ ಕಂಡರೆ ಸರಕು ಹಿಂದಿರುಗುತ್ತದೆ. ಹೋದ ಮತ್ತು ಬಂದ ಕೊರಿಯರ್ ವೆಚ್ಚ ಎರಡೂ ಮಾರಿದವರ ತಲೆಗೆ.

ಚಿತ್ರದ ಗಾತ್ರವೂ ಮುಖ್ಯ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ 4 ಮೆಗಾಬೈಟ್ ಇದ್ದರೆ 20 ಚಿತ್ರಕ್ಕೆ 80 ಮೆಗಾಬೈಟ್. ನೋಡುವವರ ಸಂಪರ್ಕದ ವೇಗ ಸೆಕೆಂಡಿಗೆ 8 ಮೆಗಾಬಿಟ್ ಎನ್ನೋಣ. 8 ಬಿಟ್ ಸೇರಿ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ ಒಂದು ಮೆಗಾಬೈಟ್. ಪುಟ ಪೂರ್ತಿ ತೆರೆಯಲು 80 ಸೆಕೆಂಡು ಬೇಕು. ಅಷ್ಟು ಹೊತ್ತು ಯಾವ ಗಿರಾಕಿ ಕಾಯುತ್ತಾನೆ? ಪ್ರತಿ ಚಿತ್ರವನ್ನು 200 ಕಿಲೋಬೈಟಿಗೆ ಇಳಿಸಿದರೆ ಒಟ್ಟು 4 ಮೆಗಾಬೈಟ್, ನಾಲ್ಕೇ ಸೆಕೆಂಡು. ಇದನ್ನು ಮಾಡಲು ಉಚಿತ ತಂತ್ರಾಂಶಗಳಿವೆ. ಬೇಕಾದದ್ದು ತಾಳ್ಮೆ ಮಾತ್ರ.

ಕನ್ನಡದಲ್ಲಿ ಬರೆಸುವವರು ಯೂನಿಕೋಡ್‌ನಲ್ಲೇ ಬರೆಸಬೇಕು. ಡಿಟಿಪಿ ಅಂಗಡಿಗಳಲ್ಲಿ ಕರಪತ್ರಕ್ಕಾಗಿ ಬಳಸುವ ಹಳೆಯ ಬಗೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರವನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಹಳೆಯ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶವೂ ಉಂಟು.

ಹೆಸರು ಯಾರ ಹೆಸರಿನಲ್ಲಿದೆ?

ಕೊನೆಯದಾದರೂ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಜಾಲತಾಣ ಮಾಡಿಕೊಡುವವರೇ ಅನೇಕ ವೇಳೆ ಡೊಮೇನನ್ನೂ ನೋಂದಾಯಿಸುತ್ತಾರೆ. ಆಗ ಮಾಲೀಕರೆಂದು ತಮ್ಮದೇ ಹೆಸರು, ತಮ್ಮದೇ ಇ-ಮೇಲ್ ಕೊಟ್ಟಿದ್ದರೆ, ದಾಖಲೆಯ ಪ್ರಕಾರ ಆ ವಿಳಾಸ ಅವರದೇ. ನಾಳೆ ಅವರು ಊರು ಬಿಟ್ಟರೆ, ಅಥವಾ ಹಣದ ವಿಷಯದಲ್ಲಿ ಮನಸ್ತಾಪವಾದರೆ, ಐದು ವರ್ಷದಿಂದ ಕಾರ್ಡು, ಬೋರ್ಡು, ಚೀಲಗಳ ಮೇಲೆ ಅಚ್ಚಾದ ಹೆಸರು ವ್ಯಾಪಾರಿಯ ಕೈತಪ್ಪುತ್ತದೆ. ಹೊಲ ಉತ್ತವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಎಂಬಂತೆ.

ನವೀಕರಣದ ಗಡುವು ಮೀರಿದರೂ ಇದೇ ಅಪಾಯ. ಕೆಲವು ದಿನಗಳ ರಿಯಾಯಿತಿ ಇರುತ್ತದೆ, ಬಳಿಕ ಹೆಚ್ಚಿನ ಶುಲ್ಕ, ಅದೂ ಮುಗಿದರೆ ಆ ಹೆಸರನ್ನು ಯಾರು ಬೇಕಾದರೂ ಪಡೆಯಬಹುದು. ಮೊದಲ ವರ್ಷಕ್ಕೆ ರಿಯಾಯಿತಿ ದರ ತೋರಿಸಿ ಎರಡನೆಯ ವರ್ಷ ಪೂರ್ಣ ದರ ಹಾಕುವುದೂ ಈ ವ್ಯಾಪಾರದಲ್ಲಿ ಸಾಮಾನ್ಯ. ಆದ್ದರಿಂದ ಬಜೆಟ್ಟಿನಲ್ಲಿ ಬರೆಯಬೇಕಾದದ್ದು ನವೀಕರಣದ ದರವನ್ನೇ.

ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಡೊಮೇನ್ ಯಾರ ಹೆಸರಿನಲ್ಲಿ, ಯಾವ ಇ-ಮೇಲ್ ವಿಳಾಸದಲ್ಲಿ ನೋಂದಣಿಯಾಗುತ್ತದೆ?
2. ಡೊಮೇನ್, ಹೋಸ್ಟಿಂಗ್ ಖಾತೆಗಳ ಪಾಸ್‌ವರ್ಡು ಮಾಲೀಕರ ಕೈಗೆ ಬರುತ್ತದೆಯೆ?
3. ಎರಡನೆಯ ವರ್ಷದಿಂದ ಪ್ರತಿ ವರ್ಷ ಎಷ್ಟು ಕೊಡಬೇಕು?
4. ಹೇಳಿದ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೆ, ಹೊರತೆ?
5. ದರ, ಚಿತ್ರ, ಫೋನ್ ನಂಬರನ್ನು ಮಾಲೀಕರೇ ಬದಲಿಸಬಹುದೆ?
6. ನಕಲು ಪ್ರತಿಯನ್ನು ಎಷ್ಟು ದಿನಕ್ಕೊಮ್ಮೆ ತೆಗೆದಿಡುತ್ತಾರೆ? ಅದನ್ನು ಕೇಳಿದಾಗ ಕೊಡುತ್ತಾರೆಯೆ?
7. ಚಿತ್ರ, ಬರಹ ಯಾರು ಕೊಡಬೇಕು? ಅದರ ಖರ್ಚು ಯಾರದು?

ಉತ್ತರಗಳು ಬಾಯಿಮಾತಿನಲ್ಲಿ ಬೇಡ, ಕಾಗದದ ಮೇಲೆ ಬರಲಿ. ಹಣವನ್ನು ಪೂರ್ತಿ ಮುಂಗಡ ಕೊಡದೆ, ಒಪ್ಪಿಕೊಂಡಾಗ ಒಂದು ಭಾಗ, ಮಾದರಿ ತೋರಿಸಿದಾಗ ಒಂದು ಭಾಗ, ಪಾಸ್‌ವರ್ಡುಗಳು ಕೈಸೇರಿದಾಗ ಉಳಿದದ್ದು ಎಂದು ಗೊತ್ತುಮಾಡಿಕೊಳ್ಳುವುದು ಕ್ಷೇಮ.

ಮನೆಯ ವಿದ್ಯಾರ್ಥಿಯೇ ಮಾಡಿದರೆ?

ಡಿಪ್ಲೊಮಾ, ಬಿ.ಇ., ಬಿ.ಸಿ.ಎ. ಓದುವ ಮಕ್ಕಳಿರುವ ಮನೆಗಳಲ್ಲಿ "ನಾನೇ ಮಾಡಿಕೊಡುತ್ತೇನೆ" ಎಂಬ ಮಾತು ಬಂದೇ ಬರುತ್ತದೆ. ತಂದೆತಾಯಿಗಳು ಅದನ್ನು ತಳ್ಳಿಹಾಕಬಾರದು. ಪುಸ್ತಕದ ಹೊರಗಿನ ಒಂದು ನಿಜವಾದ ಕೆಲಸ, ಅದರಲ್ಲೂ ಸ್ವಂತ ಮನೆಯ ವ್ಯಾಪಾರದ್ದು, ಕಲಿಸುವಷ್ಟು ಪಾಠವನ್ನು ಪರೀಕ್ಷೆ ಕಲಿಸದು. ನಮ್ಮ ಉದಾಹರಣೆಯಲ್ಲಿ ತಯಾರಿಕೆಯ 29,500 ರೂಪಾಯಿ ಹೀಗೆ ಉಳಿದರೆ ಐದು ವರ್ಷದ ವೆಚ್ಚ 70,000 ರೂಪಾಯಿಗೆ ಇಳಿಯುತ್ತದೆ.

ಆದರೆ ವಿದ್ಯಾರ್ಥಿಗಳೂ ಎರಡು ಮಾತು ನೆನಪಿಡಬೇಕು. ವರ್ಷದ 12,000 ರೂಪಾಯಿ ಖರ್ಚು ಇದರಿಂದ ಮಾಯವಾಗುವುದಿಲ್ಲ. ನಿರ್ವಹಣೆಯನ್ನೂ ನೀವೇ ಹೊತ್ತರೆ ಮಾತ್ರ ಕಡಿಮೆಯಾಗುತ್ತದೆ. ಇನ್ನೊಂದು, ಓದು ಮುಗಿಸಿ ನೌಕರಿಗೆಂದು ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಹಬ್ಬಕ್ಕೆ ಮಗ ಊರಿಗೆ ಬರುವವರೆಗೆ ಹೋದ ವರ್ಷದ ದರಪಟ್ಟಿಯೇ ಉಳಿದರೆ ಗಿರಾಕಿಯ ಮುಂದೆ ತಲೆತಗ್ಗಿಸಬೇಕಾದವರು ಅಪ್ಪ. ಹಾಗಾಗಿ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಡೊಮೇನ್ ಎಲ್ಲಿ ಪಡೆದದ್ದು, ನವೀಕರಣದ ದಿನಾಂಕ ಯಾವುದು, ದರ ಬದಲಿಸುವುದು ಹೇಗೆ - ಎಲ್ಲವನ್ನೂ ಅಮ್ಮನಿಗೆ ಓದಿದರೆ ತಿಳಿಯುವಷ್ಟು ಸರಳ ಕನ್ನಡದಲ್ಲಿ ಬರೆದಿಡಿ. ಪಾಸ್‌ವರ್ಡನ್ನು ಬೇರೆ ಹಾಳೆಯಲ್ಲಿ ಬರೆದು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ.

ರಜೆಯಲ್ಲಿ ಒಂದು ಸಂಜೆ ಮನೆಯವರೆಲ್ಲ ಕೂತು ಈ ಲೆಕ್ಕವನ್ನು ನಿಮ್ಮದೇ ವ್ಯಾಪಾರದ ಅಂಕಿಗಳಿಂದ ಮಾಡಿ ನೋಡಬಹುದು. ಐದು ವರ್ಷದ ಖರ್ಚು ಕೂಡಿಸಿ, ಐದರಿಂದ ಭಾಗಿಸಿ, ಬಂದದ್ದನ್ನು ಒಂದು ಕೋಣೆ, ಒಂದು ಚೀಲ ಅಥವಾ ಒಂದು ಮೂಟೆಯಿಂದ ಸಿಗುವ ಹೆಚ್ಚುವರಿ ಉಳಿತಾಯದಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಮುಟ್ಟಬಲ್ಲೆವು ಎನಿಸಿದರೆ ಮುಂದುವರಿಯಿರಿ. ಇಲ್ಲವಾದರೆ ಆ ಹಣವನ್ನು ಅಂಗಡಿಯ ಬೇರೆ ಅಗತ್ಯಕ್ಕೆ ಬಳಸಿ. ಮುಂದಿನ ವರ್ಷ ವ್ಯಾಪಾರ ಬೆಳೆದಾಗ ಇದೇ ಹಾಳೆ ತೆಗೆದು ಮತ್ತೊಮ್ಮೆ ಲೆಕ್ಕ ಹಾಕಿದರಾಯಿತು.